ಆರು ಮನೆಗೆ ಒಂದೇ ಕಾಲುಸಂಕ

ನಾಲ್ಕು ತಿಂಗಳ ಗಂಡು ಕೂಸು. ಆಷಾಢದ ಮಳೆಯಲ್ಲಿ ಹೊಸನಗರದ ಆಚೆಯಿಂದ ಎರಡು ಬಸ್ ಬದಲಿಸಿ ಶಿವಮೊಗ್ಗಕ್ಕೆ ಕರೆತಂದಿದ್ದರು. ಮೂರು ವಾರದಿಂದ ಕೆಮ್ಮು, ಜೊತೆಗೆ ಭೇದಿ. ಬಾಯೊಳಗೆ ಗಟ್ಟಿ ಮೊಸರು ಮೆತ್ತಿದ ಹಾಗೆ ಬಿಳಿ, ಒರೆಸಿದರೆ ಹೋಗುವುದಿಲ್ಲ. ಎರಡು ತಿಂಗಳಲ್ಲಿ ಎಷ್ಟು ತೂಕ ಇತ್ತೋ ಈಗಲೂ ಅಷ್ಟೇ. ತಾಯಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮೂರು ಕಡೆ ತೋರಿಸಿದ ಚೀಟಿಗಳು, ಒಂದು ರಕ್ತದ ರಿಪೋರ್ಟು.

ಟೋಟಲ್ ಕೌಂಟ್, ಅಂದರೆ ಬಿಳಿ ರಕ್ತಕಣ, 5,800. ಅದರಲ್ಲಿ ಸೋಂಕಿನೊಡನೆ ಹೋರಾಡುವ ಲಿಂಫೋಸೈಟ್ ಎಂಬ ಕಣ ಶೇಕಡಾ 21. ಪಕ್ಕದ ಕಾಲಂನಲ್ಲಿ ನಾರ್ಮಲ್ ಎಷ್ಟಿರಬೇಕು ಅಂತ ಅಚ್ಚಾಗಿರುತ್ತದಲ್ಲ, ಅಲ್ಲಿ 4,000ದಿಂದ 11,000, ಶೇಕಡಾ 20ರಿಂದ 40 ಅಂತಿತ್ತು. ಎರಡೂ ಗೆರೆಯೊಳಗೇ ಇವೆ. ನಾನು ಔಷಧಿ ಬರೆದು ಕಳಿಸಿದೆ. ಹತ್ತು ದಿನಕ್ಕೆ ಮತ್ತೆ ಬಂದರು. ಈಗ ಕೂಸು ಏದುಸಿರು ಬಿಡುತ್ತಿತ್ತು.

ಆ ಎರಡು ಸಂಖ್ಯೆಗಳನ್ನು ನಾನು ಮೊದಲ ದಿನವೇ ಗುಣಿಸಬೇಕಿತ್ತು. 5,800ರಲ್ಲಿ ಶೇಕಡಾ 21 ಅಂದರೆ ಸುಮಾರು 1,200. ದೊಡ್ಡವರಿಗೆ ಅದು ಸಾಕು. ನಾಲ್ಕು ತಿಂಗಳ ಕೂಸಿಗೆ ಸಾಲದು. ಮೊದಲ ವರ್ಷದಲ್ಲಿ ಮಕ್ಕಳ ರಕ್ತದಲ್ಲಿ ಲಿಂಫೋಸೈಟ್ ದೊಡ್ಡವರಿಗಿಂತ ತುಂಬಾ ಜಾಸ್ತಿ ಇರುತ್ತದೆ. 3,000ಕ್ಕಿಂತ ಕೆಳಗೆ ಬಂದರೆ ಕೂಡಲೇ ಇನ್ನೊಮ್ಮೆ ಎಣಿಸಿ, ಯಾಕೆ ಹೀಗೆ ಅಂತ ಹುಡುಕಬೇಕು. ರಿಪೋರ್ಟಿನಲ್ಲಿ ಅಚ್ಚಾಗಿದ್ದ ಗೆರೆ ದೊಡ್ಡವರದ್ದು. ಇವತ್ತಿಗೂ ಅದೆಷ್ಟೋ ರಿಪೋರ್ಟುಗಳಲ್ಲಿ ಕೂಸಿನ ರಕ್ತದ ಪಕ್ಕ ಅದೇ ಗೆರೆ ನೋಡುತ್ತೇನೆ. ಈ ಅಂಕಣ ಬರೆಯಲು ಕೂತಿದ್ದೇ ಅದಕ್ಕೆ. (ಮನೆಯವರ ಗುರುತು ಸಿಗದ ಹಾಗೆ ಊರು, ವಿವರ ಬದಲಿಸಿದ್ದೇನೆ.)

ಎರಡನೇ ಸಲ ಬಂದಾಗ ಎದೆಯ ಎಕ್ಸ್‌ರೇ ತೆಗೆಸಿದೆ. ಕರೆಂಟು ಹೋಗಿತ್ತು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಸುಗೂಸಿನ ಎಕ್ಸ್‌ರೇಯಲ್ಲಿ ಹೃದಯದ ಮೇಲ್ಭಾಗದಲ್ಲಿ, ಎದೆಮೂಳೆಯ ಹಿಂದೆ, ಎರಡೂ ಬದಿಗೆ ಹರಡಿದ ಒಂದು ಅಗಲ ನೆರಳು ಕಾಣಬೇಕು. ಅದು ಥೈಮಸ್ ಗ್ರಂಥಿ, ರೋಗನಿರೋಧಕ ಕೋಶಗಳು ಬೆಳೆಯುವ ಜಾಗ. ಈ ಫಿಲ್ಮಿನಲ್ಲಿ ಆ ಜಾಗ ಖಾಲಿ. ಹೃದಯದ ಮೇಲೆ ಬರೀ ಕಿರಿದಾದ ಒಂದು ಕತ್ತು. ಜೋರು ಕಾಯಿಲೆಯಲ್ಲಿ ಥೈಮಸ್ ಕುಗ್ಗುವುದೂ ಉಂಟು, ಅದೊಂದನ್ನೇ ನೋಡಿ ತೀರ್ಮಾನ ಮಾಡಲಾಗದು. ಆದರೆ ಎಡತೋಳಿನಲ್ಲಿ ಬಿಸಿಜಿ ಹಾಕಿದ ಜಾಗ ನಾಲ್ಕು ತಿಂಗಳಾದರೂ ಒಣಗದೆ ಹುಣ್ಣಾಗಿಯೇ ಇತ್ತು. ಕಂಕುಳಲ್ಲಿ ಅಡಿಕೆ ಗಾತ್ರದ ಗಂಟು. ಇದು ಸ್ಕಿಡ್, ಅಂದರೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಕಾಯಿಲೆ, ಎಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ.

ಆಗ ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಯನ್ನು, ಅಂದರೆ ತಾಯಿಯ ತಾಯಿಯನ್ನು, ಒಳಗೆ ಕರೆದು ಕೇಳಿದೆ. “ಅಜ್ಜಿ, ನಿಮಗೆ ಎಷ್ಟು ಮಕ್ಕಳು? ಹೋದವರನ್ನೂ ಸೇರಿಸಿ ಹೇಳಿ.”

“ಹೆಣ್ಣು ಎರಡು ಅದಾವೆ ಡಾಕ್ಟ್ರೇ. ಗಂಡು ಕೂಸು ಎರಡು ಹೋದ್ವು. ಒಂದು ಆರು ತಿಂಗಳಿಗೆ, ಒಂದು ಎಂಟು ತಿಂಗಳಿಗೆ. ಬಾಲಗ್ರಹ ಅಂದ್ರು. ನಮ್ಮಮ್ಮನಿಗೂ ಹಂಗೇ ಆಗಿತ್ತಂತೆ. ನಮ್ಮ ಕಡೆ ಗಂಡು ಕೂಸು ನಿಲ್ಲೂದಿಲ್ಲ.”

ಮೂರು ತಲೆಮಾರಿನ ರೋಗದ ಇತಿಹಾಸ ಅದು. ಅಜ್ಜಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಈ ಕೂಸಿಗೆ ಇಲ್ಲದೇ ಹೋದದ್ದು ಏನು? ಜೀವಕೋಶದ ಮೈಮೇಲೆ ಇರಬೇಕಾದ ಒಂದು ಪ್ರೋಟೀನು. ಅದಕ್ಕೆ ಕಾಮನ್ ಗಾಮಾ ಚೈನ್ ಅನ್ನುತ್ತಾರೆ. ಅದು ರಿಸೆಪ್ಟರಿನ ಒಂದು ಭಾಗ. ರಿಸೆಪ್ಟರ್ ಅಂದರೆ ಹೊರಗಿನಿಂದ ಬಂದ ಸುದ್ದಿಯನ್ನು ಹಿಡಿದು ಕೋಶದ ಒಳಗೆ ಮುಟ್ಟಿಸುವ ವ್ಯವಸ್ಥೆ. ನಮ್ಮ ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವುದು ಇಂಟರ್‌ಲ್ಯೂಕಿನ್ ಎಂಬ ಸಣ್ಣ ಪ್ರೋಟೀನುಗಳ ಮೂಲಕ. ಅವುಗಳಿಗೆ ನಂಬರ್ ಇದೆ. 2, 4, 7, 9, 15, 21, ಈ ಆರೂ ಬೇರೆ ಬೇರೆ ಸುದ್ದಿ ತರುತ್ತವೆ. ಪ್ರತಿಯೊಂದಕ್ಕೂ ತನ್ನದೇ ರಿಸೆಪ್ಟರ್ ಇದೆ. ಆದರೆ ಆರೂ ರಿಸೆಪ್ಟರುಗಳಲ್ಲಿ ಒಂದು ತುಂಡು ಮಾತ್ರ ಒಂದೇ. ಅದೇ ಗಾಮಾ ಚೈನ್.

ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ. ಹಳ್ಳದ ಆಚೆ ಆರು ಮನೆ ಇವೆ ಅಂದುಕೊಳ್ಳಿ. ಆರು ಮನೆಗೂ ಇರುವುದು ಒಂದೇ ಕಾಲುಸಂಕ. ಒಂದು ಮನೆಯವರು ಬಾಗಿಲು ಹಾಕಿ ಪೇಟೆಗೆ ಹೋದರು ಅಂತ ಉಳಿದ ಐದು ಮನೆಯ ಕೆಲಸ ನಿಲ್ಲುವುದಿಲ್ಲ. ಆದರೆ ಮಳೆಗಾಲದಲ್ಲಿ ಸಂಕವೇ ಕೊಚ್ಚಿಹೋದರೆ? ಶಾಲೆ, ಡೈರಿ, ಆಸ್ಪತ್ರೆ, ಆರು ಮನೆಗೂ ಒಟ್ಟಿಗೆ ದಾರಿ ಬಂದ್.

ವಿಜ್ಞಾನಿಗಳು ಈ ಪ್ರೋಟೀನಿನ ಗುಟ್ಟು ಬಿಡಿಸಿದ್ದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. 1992ರಲ್ಲಿ ಜಪಾನಿನವರು ಇದನ್ನು ಗುರುತಿಸಿದಾಗ ಇದು ಇಂಟರ್‌ಲ್ಯೂಕಿನ್-2ರ ರಿಸೆಪ್ಟರಿನ ಒಂದು ಭಾಗ ಅಂತಷ್ಟೇ ತಿಳಿದಿತ್ತು. ಮರುವರ್ಷ, 1993ರಲ್ಲಿ, ಅಮೆರಿಕದ ವಾರನ್ ಲಿಯೊನಾರ್ಡ್ ಅವರ ತಂಡ ಈ ಕಾಯಿಲೆಯ ಗಂಡು ಮಕ್ಕಳಲ್ಲಿ ಕೆಟ್ಟಿರುವುದು ಇದರ ಜೀನೇ ಎಂದು ತೋರಿಸಿತು. ಆಗ ಒಂದು ಪ್ರಶ್ನೆ ಎದ್ದಿತು. ಇಂಟರ್‌ಲ್ಯೂಕಿನ್-2 ಇಲ್ಲದ ಇಲಿಗಳಲ್ಲಿ ಟಿ ಕೋಶ (ಸೋಂಕಿನ ವಿರುದ್ಧದ ಹೋರಾಟ ನಡೆಸುವ ಒಂದು ಬಗೆಯ ಲಿಂಫೋಸೈಟ್) ಬೆಳೆಯುತ್ತದೆ. ಅದರ ರಿಸೆಪ್ಟರಿನ ಈ ತುಂಡು ಇಲ್ಲದ ಮಕ್ಕಳಲ್ಲಿ ಮಾತ್ರ ಯಾಕೆ ಬೆಳೆಯುವುದಿಲ್ಲ? ಹಾಗಾದರೆ ಈ ತುಂಡು ಇನ್ನೂ ಎಲ್ಲೋ ಕೆಲಸ ಮಾಡುತ್ತಿರಬೇಕು. ಹುಡುಕಿದರು, ಒಂದೊಂದಾಗಿ ಸಿಕ್ಕವು. “ಕಾಮನ್” ಎಂಬ ಹೆಸರು ಬಂದದ್ದು ಹಾಗೆ. ಈ ತರ್ಕವನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಪ್ರತಿ ಸಲವೂ ಖುಷಿಯಾಗುತ್ತದೆ.

ಆರರಲ್ಲಿ ಟಿ ಕೋಶಕ್ಕೆ ಜೀವ ಕೊಡುವುದು ಏಳನೇ ನಂಬರಿನದು. ಮೂಳೆಮಜ್ಜೆಯಿಂದ ಹೊರಟ ಎಳೆ ಕೋಶಗಳು ಥೈಮಸ್‌ಗೆ ಬರುತ್ತವೆ. ಥೈಮಸ್ ಅವುಗಳ ಸಸಿಮಡಿ ಇದ್ದ ಹಾಗೆ. ಅಲ್ಲಿನ ಕೋಶಗಳು ಇಂಟರ್‌ಲ್ಯೂಕಿನ್-7 ಅನ್ನು ಸುರಿಸುತ್ತವೆ. ಅದು ಎಳೆ ಕೋಶದ ಮೇಲಿನ ಆಲ್ಫಾ ಚೈನನ್ನು (ಅದರ ರಿಸೆಪ್ಟರಿನ ಇನ್ನೊಂದು ತುಂಡು) ಮೊದಲು ಹಿಡಿಯುತ್ತದೆ, ಆಮೇಲೆ ಗಾಮಾ ಚೈನ್ ಬಂದು ಸೇರುತ್ತದೆ. ಎರಡೂ ಹತ್ತಿರ ಬಂದಾಗ ಅವುಗಳ ಒಳಬದಿಗೆ ಅಂಟಿಕೊಂಡ ಜ್ಯಾಕ್-1, ಜ್ಯಾಕ್-3 ಎಂಬ ಕಿಣ್ವಗಳು ಎಚ್ಚರಾಗುತ್ತವೆ. ಅವು ಸ್ಟ್ಯಾಟ್-5 ಎಂಬ ಇನ್ನೊಂದು ಪ್ರೋಟೀನನ್ನು ಕೋಶದ ಕೇಂದ್ರಕ್ಕೆ ಅಟ್ಟುತ್ತವೆ. ಅಲ್ಲಿಂದ ಹೊರಡುವ ಆಜ್ಞೆ: ಸಾಯಬೇಡ, ಬೆಳೆ, ಎರಡಾಗು. ಸುದ್ದಿ ಮುಟ್ಟದ ಕೋಶ ಅಲ್ಲೇ ಸಾಯುತ್ತದೆ. ನಮ್ಮ ಕೂಸಿನ ಸಸಿಮಡಿಯಲ್ಲಿ ನೀರಿಗೆ ಬರವಿರಲಿಲ್ಲ. ಹೀರಲು ಬೇರೇ ಇರಲಿಲ್ಲ.

ಹದಿನೈದನೇ ನಂಬರಿನ ಸುದ್ದಿಯೂ ಮುಟ್ಟದ ಕಾರಣ ಎನ್‌ಕೆ ಕೋಶಗಳೂ (ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವವು) ಇರುವುದಿಲ್ಲ. ಆಂಟಿಬಾಡಿ ಮಾಡುವ ಬಿ ಕೋಶಗಳು ಮಾತ್ರ ಇರುತ್ತವೆ. ಇಲಿಗಳಲ್ಲಿ ಬಿ ಕೋಶಕ್ಕೂ ಇಂಟರ್‌ಲ್ಯೂಕಿನ್-7 ಬೇಕು, ಮನುಷ್ಯರಲ್ಲಿ ಅದಿಲ್ಲದೆಯೂ ನಡೆಯುತ್ತದೆ. ಆದರೆ ಸಂಖ್ಯೆ ಇದ್ದು ಏನು ಬಂತು? ಟಿ ಕೋಶದ ನೆರವಿಲ್ಲದೆ, 4 ಮತ್ತು 21ರ ಸುದ್ದಿ ಇಲ್ಲದೆ, ಅವು ಸರಿಯಾದ ಆಂಟಿಬಾಡಿ ಮಾಡಲಾರವು. ಟಿ ಇಲ್ಲ, ಎನ್‌ಕೆ ಇಲ್ಲ, ಬಿ ಇದೆ ಅಂತ ಫ್ಲೋ ಸೈಟೋಮೆಟ್ರಿ (ಯಾವ ಬಗೆಯ ಕೋಶ ಎಷ್ಟಿದೆ ಅಂತ ಎಣಿಸುವ ಪರೀಕ್ಷೆ) ರಿಪೋರ್ಟ್ ಬಂದರೆ, ಅದರಲ್ಲೂ ಗಂಡು ಕೂಸಾದರೆ, ನಮ್ಮ ಮನಸ್ಸು ಮೊದಲು ಗಾಮಾ ಚೈನ್ ಕಡೆಗೇ ಹೋಗುತ್ತದೆ. ಆಲ್ಫಾ ಚೈನ್ ಮಾತ್ರ ಕೆಟ್ಟಿದ್ದರೆ ಎನ್‌ಕೆ ಕೋಶ ಉಳಿದಿರುತ್ತವೆ. ಎರಡಕ್ಕೂ ಎಸ್‌ಸಿಐಡಿ, ಅಂದರೆ ಸ್ಕಿಡ್ ಎಂಬ ಗುಂಪಿನ ಹೆಸರೇ. ಅಮೆರಿಕದ ಡೇವಿಡ್ ವೆಟ್ಟರ್ ಎಂಬ ಹುಡುಗ 1971ರಲ್ಲಿ ಹುಟ್ಟಿ ಹನ್ನೆರಡು ವರ್ಷ ಪ್ಲಾಸ್ಟಿಕ್ ಗುಳ್ಳೆಯೊಳಗೆ ಬದುಕಿದ್ದನಲ್ಲ, ಅವನಿಗೆ ಇದ್ದದ್ದು ಈ ಗಾಮಾ ಚೈನ್ ಕೊರತೆಯೇ.

ಗಂಡು ಮಕ್ಕಳಿಗೇ ಯಾಕೆ? ಗಾಮಾ ಚೈನ್ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಅದು ತಾಯಿಯಿಂದ ಬಂದದ್ದು. ಅದು ಕೆಟ್ಟಿದ್ದರೆ ಇನ್ನೊಂದರ ಆಸರೆ ಇಲ್ಲ. ತಾಯಿಗೆ ಎರಡು ಎಕ್ಸ್. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡರಲ್ಲೊಂದು ಎಕ್ಸ್ ಸುಮ್ನೆ ಮುದುಡಿಕೊಂಡಿರುತ್ತದೆ. ಯಾವುದು ಅಂತ ನಿಯಮವಿಲ್ಲ, ಸಾಮಾನ್ಯವಾಗಿ ಅರ್ಧರ್ಧ. ಆದರೆ ಈ ತಾಯಂದಿರ ಟಿ ಕೋಶಗಳನ್ನು ನೋಡಿದರೆ ಎಲ್ಲದರಲ್ಲೂ ಒಳ್ಳೆಯ ಎಕ್ಸೇ ಎಚ್ಚರವಾಗಿರುತ್ತದೆ. ಕೆಟ್ಟ ಎಕ್ಸ್ ಎಚ್ಚರವಿದ್ದ ಕೋಶಗಳು ಥೈಮಸ್ಸನ್ನು ದಾಟಲೇ ಇಲ್ಲ. ಹಾಗಾಗಿ ತಾಯಿ ಗಟ್ಟಿಮುಟ್ಟು. ಒಳಗೆ ಏನಿದೆ ಅಂತ ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ.

ಇದನ್ನು ಅತ್ತೆ ಮನೆಯವರನ್ನು ಕೂರಿಸಿಕೊಂಡು ಹೇಳಬೇಕಾಗುತ್ತದೆ, ನಿಧಾನವಾಗಿ. “ಇವಳ ಕಡೆಯಿಂದ ಬಂತು” ಎಂಬ ಮಾತು ಬಂದೇ ಬರುತ್ತದೆ. ಯಾವ ತಾಯಿಯೂ ತನ್ನ ಜೀನನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ಕೆಲವು ಸಲ ತಾಯಿಯಲ್ಲೂ ಇಲ್ಲದ ದೋಷ ಮಗುವಿನಲ್ಲೇ ಹೊಸದಾಗಿ ಬಂದಿರುತ್ತದೆ. ಹತ್ತಿರದ ನೆಂಟರಲ್ಲಿ ಮದುವೆಯಾದದ್ದಕ್ಕೆ ಹೀಗಾಯಿತಾ ಅಂತಲೂ ಕೇಳುತ್ತಾರೆ. ಗಾಮಾ ಚೈನ್ ವಿಷಯದಲ್ಲಿ ಅಲ್ಲ. ಆಲ್ಫಾ ಚೈನ್, ಜ್ಯಾಕ್-3 ಥರದವುಗಳಲ್ಲಿ ಹೌದು, ಅಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಸೋದರಮಾವನನ್ನು ಮದುವೆಯಾಗುವ ನಮ್ಮ ಕಡೆ ಅದಕ್ಕೆ ಅವಕಾಶ ಜಾಸ್ತಿ.

ಮೊದಲ ಎರಡು ಮೂರು ತಿಂಗಳು ಕೂಸು ಚೆನ್ನಾಗಿಯೇ ಇರುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿ ಕೊಟ್ಟ ಆಂಟಿಬಾಡಿ ಅಷ್ಟು ದಿನ ಕಾಯುತ್ತದೆ. ಅದು ಕರಗಿದ ಮೇಲೆ ಒಂದರ ಹಿಂದೆ ಒಂದು ಶುರು. ಇಷ್ಟರಲ್ಲಿ ಹುಟ್ಟಿದ ದಿನವೇ ಬಿಸಿಜಿ, ಪೋಲಿಯೋ ಹನಿ, ಒಂದೂವರೆ ತಿಂಗಳಿಗೆ ರೋಟಾವೈರಸ್ ಹನಿ ಕೊಟ್ಟಾಗಿರುತ್ತದೆ. ಮೂರೂ ಜೀವಂತ ಲಸಿಕೆ. ಉಳಿದೆಲ್ಲ ಮಕ್ಕಳಿಗೆ ಅವು ಬೇಕೇ ಬೇಕು. ಕ್ಷಯ ಇರುವ ನಮ್ಮ ದೇಶದಲ್ಲಿ ಬಿಸಿಜಿ ಬೇಡ ಅನ್ನುವ ಮಾತನ್ನು ನಾನು ಆಡುವುದಿಲ್ಲ. ಆದರೆ ಅಜ್ಜಿ ಹೇಳಿದಂಥ ಕಥೆ ಮನೆಯಲ್ಲಿದ್ದರೆ ಹೆರಿಗೆಗೆ ಮೊದಲೇ ಡಾಕ್ಟರಿಗೆ ಹೇಳಿ. ಕೂಸಿನ ಲಿಂಫೋಸೈಟ್ ಎಣಿಸಿ, ತಜ್ಞರನ್ನು ಕೇಳುವ ತನಕ ಜೀವಂತ ಲಸಿಕೆ ತಡೆದು ಇಡಬಹುದು. ಟಿ ಕೋಶ ಇಲ್ಲದ ಕೂಸಿನಲ್ಲಿ ಬಿಸಿಜಿಯ ಬ್ಯಾಕ್ಟೀರಿಯಾ ಮೈಯೆಲ್ಲ ಹರಡುತ್ತದೆ.

ವೈದ್ಯ ಮಿತ್ರರಿಗೆ ಎರಡು ಮಾತು. ಎಣಿಕೆ ಸರಿಯಿದೆ ಅಂದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ತಾಯಿಯ ಟಿ ಕೋಶಗಳು ಕೂಸಿನೊಳಗೆ ಸೇರಿಕೊಂಡು ಸಂಖ್ಯೆ ತುಂಬಿಸಿರುವುದುಂಟು. ಇನ್ನೊಂದು, ಅನುಮಾನವಿರುವ ಕೂಸಿಗೆ ರಕ್ತ ಕೊಡಲೇಬೇಕಾದರೆ ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಕೊಡಿ. ಇಲ್ಲದಿದ್ದರೆ ದಾನಿಯ ಲಿಂಫೋಸೈಟುಗಳು ಕೂಸಿನ ಮೈಯನ್ನೇ ತಿನ್ನುತ್ತವೆ. ರೆಫರ್ ಮಾಡುವ ಚೀಟಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ತಾಯಂದಿರು ಹೆದರುವುದು ಬೇಡ. ಮಳೆಗಾಲದಲ್ಲಿ ಅಂಗನವಾಡಿಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ. ಮಧ್ಯೆ ಚೆನ್ನಾಗಿ ಆಡಿಕೊಂಡು, ತೂಕ ಏರುತ್ತಿದ್ದರೆ ಇದು ಅದಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿ ನೋಡಿದಾಗ ಎಲ್ಲ ಬಗೆಯ ಸ್ಕಿಡ್ ಸೇರಿ 58,000ಕ್ಕೆ ಒಂದು ಸಿಕ್ಕಿತು.

ಆ ಪರೀಕ್ಷೆಗೆ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ ಸಾಕು. ಟಿ ಕೋಶ ಬೆಳೆಯುವಾಗ ತನ್ನ ಡಿಎನ್‌ಎಯನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಆಗ ಉಳಿದ ಚೂರುಗಳು ಪುಟ್ಟ ಬಳೆಗಳ ಹಾಗೆ ಸುತ್ತಿಕೊಂಡಿರುತ್ತವೆ. ಬಳೆ ಇಲ್ಲ ಅಂದರೆ ಟಿ ಕೋಶ ತಯಾರಾಗಿಲ್ಲ ಅಂತ. ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಶುರು ಮಾಡಿತು, 2018ರ ಕೊನೆಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಬಂತು. ನಮ್ಮಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಈ ಪರೀಕ್ಷೆ ಇಲ್ಲ. ಸಾಮಾನ್ಯ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ಇದೆ. ಹಳ್ಳಿಯ ಲ್ಯಾಬಿನಲ್ಲೂ ಆಗುತ್ತದೆ. ಗುಣಿಸಬೇಕಷ್ಟೇ.

ಬೇಗ ಸಿಕ್ಕರೆ ಉಳಿಸಬಹುದು ಅನ್ನುವುದಕ್ಕೇ ಇಷ್ಟು ಹೇಳಿದ್ದು. ಈ ಕಾಯಿಲೆಗೆ ಮೂಳೆಮಜ್ಜೆ ಕಸಿ 1968ರಿಂದಲೇ ಇದೆ. ಅಣ್ಣನದೋ ಅಕ್ಕನದೋ ಮಜ್ಜೆ ಹೊಂದಿಕೆಯಾದರೆ ಎಷ್ಟೋ ಸಲ ಕೀಮೋ ಕೂಡ ಬೇಡ, ಯಾಕೆಂದರೆ ಹೊಸ ಮಜ್ಜೆಯನ್ನು ತಳ್ಳಲು ಕೂಸಿನಲ್ಲಿ ಟಿ ಕೋಶವೇ ಇಲ್ಲ. 2014ರಲ್ಲಿ ಅಮೆರಿಕದವರು 240 ಮಕ್ಕಳ ಲೆಕ್ಕ ಪ್ರಕಟಿಸಿದರು. ಮೂರೂವರೆ ತಿಂಗಳೊಳಗೆ ಕಸಿಯಾದವರಲ್ಲಿ ಶೇಕಡಾ 94ರಷ್ಟು ಮಕ್ಕಳು ಐದು ವರ್ಷದ ಮೇಲೂ ಬದುಕಿದ್ದರು. ಗಾಮಾ ಚೈನ್ ಕೊರತೆಗೆ ಜೀನ್ ಚಿಕಿತ್ಸೆಯೂ ಪ್ಯಾರಿಸ್‌ನಲ್ಲಿ ಶುರುವಾಯಿತು. ಮೊದಲ ಮಕ್ಕಳಲ್ಲಿ ಕೆಲವರಿಗೆ ಅದರಿಂದಲೇ ರಕ್ತದ ಕ್ಯಾನ್ಸರ್ ಬಂದು, ವಿಧಾನ ಬದಲಿಸಬೇಕಾಯಿತು. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಮೊದಲ ಗುಂಪಿನಲ್ಲೇ ಇದೆ. ಆ ನೀತಿಯಡಿ ಬೆಂಗಳೂರಿನಲ್ಲಿ ಗುರುತಿಸಿದ ಕೇಂದ್ರ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ನಮ್ಮ ಜಿಲ್ಲೆಯ ಕುಟುಂಬಗಳು ಆಂಬುಲೆನ್ಸ್ ಖರ್ಚಿಗೇ ಸೋತು ಕೂತಿರುವುದನ್ನು ನೋಡಿದ್ದೇನೆ. ಆ ದಾರಿ ಅವರಿಗೆ ಗೊತ್ತಿರಬೇಕು.

ನನ್ನ ಆ ಕೂಸಿಗೆ ಇದ್ಯಾವುದೂ ಒದಗಲಿಲ್ಲ. ಬೆಂಗಳೂರಿಗೆ ಹೋದ ಹತ್ತೊಂಬತ್ತನೇ ದಿನ ಹೋಯಿತು. ಜೀನ್ ರಿಪೋರ್ಟ್ ಬಂದದ್ದು ಅದಾದ ಮೇಲೆ.

ಎರಡು ವರ್ಷ ಬಿಟ್ಟು ಅದೇ ತಾಯಿ ಬಸುರಿಯಾಗಿ ಬಂದಳು. ಮತ್ತೆ ಗಂಡೇ. ತಾಯಿ ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ “ಬಿಸಿಜಿ ಈಗ ಬೇಡ” ಅಂತ ಬರೆದುಕೊಟ್ಟಿದ್ದೆ. ಹುಟ್ಟಿದ ದಿನವೇ ರಕ್ತ ತೆಗೆದು ನಾನೇ ಗುಣಿಸಿದೆ. 5,100. ಆದರೂ ನಂಬದೆ ಜೀನ್ ಪರೀಕ್ಷೆಗೆ ಕಳಿಸಿದೆವು. ಒಳ್ಳೆಯ ಎಕ್ಸ್ ಬಂದಿತ್ತು. ಬಿಸಿಜಿಯನ್ನು ತಡವಾಗಿ ಹಾಕಿದೆವು. ಎಲ್ಲ ಮಕ್ಕಳಿಗೂ ಆಗುವ ಹಾಗೆ ಸಣ್ಣ ಗುಳ್ಳೆ ಎದ್ದು, ಒಣಗಿ, ಕಲೆ ಉಳಿಯಿತು. ಅವನಿಗೆ ಈಗ ಸೈಕಲ್ ಬರುತ್ತದೆ.

ಅವಳ ತಂಗಿಯನ್ನು ಸೊರಬದ ಕಡೆ ಕೊಟ್ಟಿದ್ದಾರೆ. ಅವಳಲ್ಲೂ ಆ ಎಕ್ಸ್ ಇರುವ ಸಾಧ್ಯತೆ ಅರ್ಧಕ್ಕರ್ಧ. ಗಂಡನ ಮನೆಯಲ್ಲಿ ಏನು ಹೇಳುವುದು ಅಂತ ಇನ್ನೂ ಪರೀಕ್ಷೆಗೆ ಬಂದಿಲ್ಲ. ಅಕ್ಕ ಪ್ರತಿ ಸಲ ಬಂದಾಗಲೂ ಕೇಳುತ್ತೇನೆ. “ಹೇಳ್ತೀನಿ ಡಾಕ್ಟ್ರೇ, ಈ ಸಲ ಹಬ್ಬಕ್ಕೆ ಬಂದಾಗ ಹೇಳ್ತೀನಿ” ಅನ್ನುತ್ತಾಳೆ.