ಕಿವಿಯ ಯಂತ್ರ ಮದುವೆಗೆ ಉಡುವ ರೇಷ್ಮೆ ಸೀರೆಯಲ್ಲ

ಮದುವೆಯ ಕಾಲ ಮುಗಿಯುತ್ತಿದ್ದಂತೆ ನನ್ನ ಕೊಠಡಿಯ ಮುಂದಿನ ಬೆಂಚು ತುಂಬುತ್ತದೆ. ಬಂದವರ ಕೈಯಲ್ಲಿ ಪುಟ್ಟ ಪೆಟ್ಟಿಗೆ, ಬಾಯಲ್ಲಿ ಒಂದೇ ದೂರು: "ಮೇಡಂ, ಈ ಮಿಷನ್ ಸರಿಯಿಲ್ಲ." ತೆರೆದು ನೋಡಿದರೆ ಶ್ರವಣ ಸಾಧನ ಹೊಸದರಂತೆಯೇ ಇರುತ್ತದೆ. ಕಿವಿಯೊಳಗೆ ಕೂರುವ ಅದರ ಅಚ್ಚಿಗೆ ಗುಗ್ಗೆಯೂ ಅಂಟಿರುವುದಿಲ್ಲ.

ಕಳೆದ ವರ್ಷ ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಮಗನೊಂದಿಗೆ ಬಂದಿದ್ದರು. ಶಿಬಿರದಲ್ಲಿ ಸಿಕ್ಕಿದ ಯಂತ್ರವನ್ನು ಐದು ತಿಂಗಳು ಬೀರುವಿನಲ್ಲಿಟ್ಟು, ಮೊಮ್ಮಗಳ ಮದುವೆಯ ದಿನ ಹಾಕಿಕೊಂಡರಂತೆ. "ವಾಲಗದವನು ನನ್ನ ತಲೆಯೊಳಗೇ ಕುಳಿತು ಊದಿದ ಹಾಗಾಯಿತು ತಾಯಿ. ಧಾರೆಗೆ ಮೊದಲೇ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ" ಎಂದರು. ದಿನವೂ ಹಾಕಿದರೆ ಸವೆದು ಹೋದೀತೆಂದು ಎತ್ತಿಟ್ಟವನು ಮಗ. ತಾಯಿಯ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದ್ದ. ಆದರೂ ನನಗೆ ಸಿಟ್ಟು ಬಂತು, ಏಕೆಂದರೆ ಆ ವಾರ ಅದೇ ಮಾತು ಹೇಳಿದವರಲ್ಲಿ ಅವನು ನಾಲ್ಕನೆಯವನು.

ಕನ್ನಡಕ ಹಾಕಿದ ಕೂಡಲೇ ಅಕ್ಷರ ಸ್ಪಷ್ಟವಾಗುತ್ತದೆ. ಕಿವಿಯೂ ಹಾಗೆಯೇ ಎಂದು ಎಲ್ಲರೂ ನಂಬಿರುತ್ತಾರೆ. ವಯಸ್ಸಾದಂತೆ ಕೇಳುವ ಶಕ್ತಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಅಷ್ಟರಲ್ಲಿ ಫ್ಯಾನಿನ ಸದ್ದು, ಚಪ್ಪಲಿಯ ಸದ್ದು, ತಟ್ಟೆಗೆ ಚಮಚ ತಾಗುವ ಸದ್ದು, ಎಲ್ಲವನ್ನೂ ಮಿದುಳು ಮರೆತಿರುತ್ತದೆ. ಯಂತ್ರ ಹಾಕಿದ ದಿನ ಅವೆಲ್ಲ ಒಟ್ಟಿಗೆ ನುಗ್ಗಿ ಬರುತ್ತವೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಿದುಳು ಮತ್ತೆ ಕಲಿಯಬೇಕು. ಅದಕ್ಕೆ ದಿನಗಳಲ್ಲ, ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಅಂಥ ಕಿವಿಯನ್ನು ಮೊದಲ ದಿನವೇ ಮದುವೆಮನೆಗೆ ಕರೆದೊಯ್ಯುವುದೆಂದರೆ ಈಜು ಬಾರದವರನ್ನು ತುಂಬಿದ ತುಂಗೆಗೆ ಇಳಿಸಿದ ಹಾಗೆ.

ಆದ್ದರಿಂದ ಮನೆಯಲ್ಲೇ ಶುರು ಮಾಡಿ. ಮೊದಲು ದಿನಕ್ಕೆ ಒಂದೆರಡು ಗಂಟೆ, ಟಿವಿ ಆರಿಸಿ, ಒಬ್ಬರೊಂದಿಗೆ ಮಾತ್ರ ಮಾತು. ನಲ್ಲಿ ಬಿಟ್ಟು "ಇದು ನೀರು" ಎನ್ನಿ, ಕುಕ್ಕರ್ ಕೂಗಿದಾಗ ಗುರುತಿಸಲು ಹೇಳಿ. ಆಮೇಲೆ ಇಬ್ಬರು ಮೂವರು, ಆಮೇಲೆ ದೇವಸ್ಥಾನ, ಸಂತೆ. ಮದುವೆ ಕೊನೆಗೆ. ಇದು ಸಾಮಾನ್ಯ ಕ್ರಮ. ಒಬ್ಬರ ಕಿವಿಯಂತೆ ಇನ್ನೊಬ್ಬರದು ಇರುವುದಿಲ್ಲವಾದ್ದರಿಂದ ನಿಮ್ಮ ಶ್ರವಣತಜ್ಞರ ಮಾತೇ ಅಂತಿಮ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಮಾತ್ರ ಯಂತ್ರದ ಯೋಚನೆ ಬಿಟ್ಟು, ಅಂದೇ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಓಡಿ.

ಮನೆಯವರಿಗೆ ಇನ್ನೊಂದು ಮಾತು: ಕೂಗಬೇಡಿ. ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ, ತ, ಕ, ಪದಂಥ ಸಣ್ಣ ಸದ್ದಿನ ವ್ಯಂಜನಗಳು. ಹಾಲು, ಕಾಲು, ಸಾಲು, ಪಾಲು ನಾಲ್ಕೂ ಅವರಿಗೆ "ಆಲು" ಎಂದೇ ಕೇಳುತ್ತವೆ. ನೀವು ಕೂಗಿದರೆ ಆ "ಆ" ದೊಡ್ಡದಾಗುತ್ತದೆಯೇ ಹೊರತು "ಸ" ಸ್ಪಷ್ಟವಾಗುವುದಿಲ್ಲ. ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು, ಸ್ವಲ್ಪ ನಿಧಾನವಾಗಿ ಹೇಳಿ.

ಇಷ್ಟೆಲ್ಲ ನೋಡಿಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಅಂಗವಿಕಲರ ನೆರವಿಗೆಂದೇ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಶಿಬಿರಕ್ಕೂ ಅವರನ್ನು ಹುಡುಕಿಕೊಂಡು ಹೋಗುವ ಜನ, ಯಂತ್ರ ಕೈಗೆ ಬಂದ ಮೇಲೆ ಅವರ ಮುಖ ನೋಡುವುದಿಲ್ಲ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶೇ. 40ರಷ್ಟಾದರೂ ಅಂಗವೈಕಲ್ಯವಿರುವ, ಆದಾಯ ಮಿತಿಯೊಳಗಿನವರಿಗೆ ಸಾಧನ ಸಿಗುತ್ತದೆ. ಅದನ್ನು ನಿಮ್ಮ ಕಿವಿಗೆ ಹೊಂದಿಸಿಕೊಳ್ಳಲು ಎರಡು ಮೂರು ಬಾರಿ ಬರಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹತ್ತಿರವಿರುವವರು ಅಲ್ಲಿಗೇ ಹೋಗಬಹುದು.

ಮಳೆಗಾಲದಲ್ಲಿ ರಾತ್ರಿ ಸೆಲ್ ತೆಗೆದು, ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿ ಯಂತ್ರವನ್ನಿಡಿ. ಸೆಲ್‌ನ ಅಂಟುಚೀಟಿಯನ್ನು ಒಮ್ಮೆ ಕಿತ್ತರೆ ಗಾಳಿ ತಗುಲಿ ಅದು ಕೆಲಸ ಶುರು ಮಾಡುತ್ತದೆ, ಮತ್ತೆ ಅಂಟಿಸಿ ಬೀರುವಿನಲ್ಲಿಟ್ಟರೂ ಖಾಲಿಯಾಗುತ್ತಲೇ ಇರುತ್ತದೆ.

ಆ ಅಜ್ಜಿ ದೀಪಾವಳಿ ಕಳೆದ ಮೇಲೆ ಮತ್ತೆ ಬಂದರು, ಯಂತ್ರ ಕಿವಿಯಲ್ಲಿತ್ತು. ಬಚ್ಚಲ ಒಲೆಯಲ್ಲಿ ಸೌದೆ ಚಟಪಟ ಎನ್ನುವುದು ಕೇಳಿಸುತ್ತದೆ ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಬಾಯಿ ಆಡಿಸಿದಾಗ ಮಾತ್ರ ಕುಂಯ್ ಎನ್ನುತ್ತದೆ ಎಂದರು. ಅಚ್ಚು ಸಡಿಲವಾಗಿತ್ತು. ಹೊಸ ಅಳತೆ ತೆಗೆದುಕೊಂಡು, ಹದಿನೈದು ದಿನ ಬಿಟ್ಟು ಬರಲು ಹೇಳಿ ಕಳುಹಿಸಿದೆ.