ಮೈನಸ್ 48 ಗಜ: ಓಟ ನಿಂತರೆ ತಪ್ಪು ಯಾರದು?

2013ರ ನವೆಂಬರ್ 2ರಂದು ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅದೇ ರಾಜ್ಯದ ಹಳೆಯ ಎದುರಾಳಿ ಮಿಶಿಗನ್ ಸ್ಟೇಟ್ ಕೈಯಲ್ಲಿ 29–6ರಿಂದ ಸೋತಿತು. ಸೋಲಿಗಿಂತ ಜಾಸ್ತಿ ಮಾತಿಗೆ ಬಂದದ್ದು ಅಂಕಿಪಟ್ಟಿಯ ಒಂದು ಸಾಲು. ಓಟದಿಂದ ಗಳಿಸಿದ ದೂರ: ಮೈನಸ್ 48 ಗಜ. ಅಂದರೆ ಚೆಂಡು ಹಿಡಿದು ಓಡಿದ್ದನ್ನೆಲ್ಲ ಕೂಡಿ ಕಳೆದರೆ ತಂಡ ಹೊರಟ ಜಾಗಕ್ಕಿಂತ ಸುಮಾರು 44 ಮೀಟರ್ ಹಿಂದೆ ಬಂದು ನಿಂತಿತ್ತು. 1879ರಿಂದ ಈ ಆಟ ಆಡುತ್ತಿರುವ, ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಪಂದ್ಯ ಗೆದ್ದ ತಂಡದ ಇತಿಹಾಸದಲ್ಲೇ ಇಷ್ಟು ಕೆಟ್ಟ ಲೆಕ್ಕ ಇರಲಿಲ್ಲ. ಮುಂದಿನ ವಾರ ನೆಬ್ರಾಸ್ಕಾ ವಿರುದ್ಧ ಮತ್ತೆ ಮೈನಸ್ 21.

ಇಂಥ ಹೊತ್ತಲ್ಲಿ ಬೈಗುಳ ಮೊದಲು ಹೋಗಿ ಬೀಳುವುದು ಚೆಂಡು ಹಿಡಿದು ಓಡುವವನ ಮೇಲೆ. ಟಿವಿಯಲ್ಲಿ ಕಾಣುವುದು ಅವನೇ ಅಲ್ವಾ? ಆದರೆ ಓಟದ ಆಟದಲ್ಲಿ ಓಡುವವನ ಪಾಲು ಕೊನೆಯದು. ಅವನ ಕೈಗೆ ಚೆಂಡು ಸೇರಿ ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಆ ಓಟದ ಹಣೆಬರಹ ಬಹುಮಟ್ಟಿಗೆ ಬರೆದಾಗಿರುತ್ತದೆ. ಬರೆಯುವವರು ಅವನ ಮುಂದೆ ಬಗ್ಗಿ ನಿಂತ ಐದು ಜನ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್. ಒಂದೊಂದು ಕಡೆ 11 ಜನ. ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ದಾರಿ ಎರಡು: ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರ ಎಸೆಯಬಹುದು, ಅಥವಾ ಹಿಂದೆ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಓಡಿಸಬಹುದು. ಓಡಲು ದಾರಿ ಬಿಡಿಸುವುದು ಆಫೆನ್ಸಿವ್ ಲೈನ್: ಮಧ್ಯದಲ್ಲಿ ಸೆಂಟರ್, ಅವನ ಆಚೀಚೆ ಇಬ್ಬರು ಗಾರ್ಡ್‌ಗಳು, ಅಂಚಿನಲ್ಲಿ ಇಬ್ಬರು ಟ್ಯಾಕಲ್‌ಗಳು.

ಮೊದಲು ಆ ಮೈನಸ್ 48ರ ಲೆಕ್ಕವನ್ನೇ ಬಿಚ್ಚಿ ನೋಡೋಣ. ಕ್ವಾರ್ಟರ್‌ಬ್ಯಾಕ್ ಎಸೆಯಲು ನಿಂತಿದ್ದಾಗ ಎದುರಾಳಿ ಬಂದು ಕೆಡವಿದರೆ ಅದಕ್ಕೆ ಸ್ಯಾಕ್ ಅನ್ನುತ್ತಾರೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಸ್ಯಾಕ್‌ನಿಂದ ಕಳೆದುಕೊಂಡ ದೂರವನ್ನು ಎಸೆತದ ಲೆಕ್ಕದಿಂದ ಕಳೆಯುತ್ತಾರೆ. ಕಾಲೇಜು ಆಟದಲ್ಲಿ ಓಟದ ಲೆಕ್ಕದಿಂದ ಕಳೆಯುತ್ತಾರೆ. ಮಿಶಿಗನ್ ಸ್ಟೇಟ್ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್ನರ್ ಏಳು ಸಲ ಹೀಗೆ ಬಿದ್ದರು, ನೆಬ್ರಾಸ್ಕಾ ಪಂದ್ಯದಲ್ಲೂ ಏಳು ಸಲ. ಎಸೆಯಲು ಹೋಗಿ ಕೆಟ್ಟದ್ದೂ ಓಟದ ತಲೆಗೇ ಬಂತು. ಹಾಗಾಗಿ ಕಾಲೇಜು ತಂಡದ ಓಟ ಎಷ್ಟು ಕೆಟ್ಟಿದೆ ಎಂದು ನೋಡುವವರು ಮೊದಲು ಸ್ಯಾಕ್‌ಗಳನ್ನು ಬದಿಗಿಟ್ಟು ನೋಡಬೇಕು.

ಬದಿಗಿಟ್ಟರೂ ಮಿಶಿಗನ್ ಓಟ ಚೆನ್ನಾಗಿತ್ತು ಎಂದಲ್ಲ. ಅದಕ್ಕೂ ಮೂರು ವಾರ ಮೊದಲು, ಅಕ್ಟೋಬರ್ 12ರಂದು ಪೆನ್ ಸ್ಟೇಟ್ ವಿರುದ್ಧ ರನ್ನಿಂಗ್ ಬ್ಯಾಕ್ ಫಿಟ್ಸ್‌ಜೆರಾಲ್ಡ್ ಟೂಸಾಂಟ್ 27 ಸಲ ಓಡಿ ಗಳಿಸಿದ್ದು 27 ಗಜ. ಸಲಕ್ಕೆ ಒಂದೇ ಗಜ! ನಾಲ್ಕು ಓವರ್‌ಟೈಮ್ ಎಳೆದ ಆ ಪಂದ್ಯವನ್ನು ಮಿಶಿಗನ್ 43–40ರಲ್ಲಿ ಕಳೆದುಕೊಂಡಿತು. ಇದೇ ಟೂಸಾಂಟ್ 2011ರಲ್ಲಿ 1,041 ಗಜ ಓಡಿದ್ದರು, ಸಲಕ್ಕೆ ಐದೂವರೆ ಗಜಕ್ಕೂ ಮೇಲೆ. 2012ರ ಕೊನೆಗೆ ಅವರ ಕಾಲು ಮುರಿದಿತ್ತು, ಅದರ ಪಾಲೂ ಇರಬಹುದು. ಆದರೆ 2011ರಲ್ಲಿ ಅವರ ಮುಂದಿದ್ದ ಸೆಂಟರ್ ಡೇವಿಡ್ ಮೋಲ್ಕ್ ಆ ವರ್ಷದ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಪ್ರಶಸ್ತಿ ಗೆದ್ದವರು. 2013ರಲ್ಲಿ ಆ ಜಾಗದಲ್ಲಿದ್ದವರು ಆಗಷ್ಟೇ ಕಲಿಯುತ್ತಿದ್ದ ಹುಡುಗರು.

ಲೈನ್‌ನಲ್ಲಿ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಗಾರ್ಡ್‌ನ ತೂಕ ಸುಮಾರು 136 ಕೆಜಿ. ಎದುರಿಗೆ ನಿಂತವನೂ ಹೆಚ್ಚುಕಮ್ಮಿ ಅಷ್ಟೇ ತೂಕ. ಇಬ್ಬರ ನಡುವೆ ನಿಯಮ ಬಿಡಿಸಿಟ್ಟಿರುವ ಅಂತರ ಚೆಂಡಿನ ಉದ್ದದಷ್ಟು, ಸುಮಾರು 28 ಸೆಂಟಿಮೀಟರ್. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ. ನ್ಯೂಟನ್‌ನ ಮೂರನೇ ನಿಯಮದ ಪ್ರಕಾರ ಇವನು ಅವನನ್ನು ಎಷ್ಟು ಬಲದಿಂದ ತಳ್ಳುತ್ತಾನೋ ಅವನೂ ಇವನನ್ನು ಅಷ್ಟೇ ಬಲದಿಂದ ತಳ್ಳುತ್ತಾನೆ. ಬಲ ಸಮ, ತೂಕ ಸಮ. ಹಾಗಾದರೆ ಒಬ್ಬ ಮಾತ್ರ ಹಿಂದೆ ಸರಿಯುವುದು ಹೇಗೆ?

ಉತ್ತರ ಇರುವುದು ಕಾಲಡಿಯಲ್ಲಿ. ಮಳೆಯಲ್ಲಿ ಕೆಟ್ಟು ನಿಂತ ಕಾರನ್ನು ತಳ್ಳಿದವರಿಗೆ ಇದು ಗೊತ್ತು: ತೋಳಲ್ಲಿ ಎಷ್ಟೇ ಬಲವಿರಲಿ, ಕಾಲು ಜಾರಿದರೆ ಕಾರು ಅಲ್ಲಾಡುವುದಿಲ್ಲ. ನೆಲ ನಮ್ಮನ್ನು ಹಿಡಿದಿಟ್ಟಷ್ಟೇ ನಾವು ಮುಂದಕ್ಕೆ ತಳ್ಳಬಲ್ಲೆವು. ಆ ಹಿಡಿತ, ಅಂದರೆ ಘರ್ಷಣೆ, ಕಾಲು ನೆಲವನ್ನು ಎಷ್ಟು ಒತ್ತುತ್ತದೆ ಎಂಬುದರ ಮೇಲೆ ನಿಂತಿದೆ. ಈಗ ನಮ್ಮ ಗಾರ್ಡ್ ಎದುರಾಳಿಗಿಂತ ಕೆಳಗೆ ಬಗ್ಗಿ, ಎದೆಯ ಕೆಳಭಾಗಕ್ಕೆ ಕೈಕೊಟ್ಟು, ಮುಂದಕ್ಕೂ ಸ್ವಲ್ಪ ಮೇಲಕ್ಕೂ ತಳ್ಳುತ್ತಾನೆ ಎಂದುಕೊಳ್ಳಿ. ಎದುರಾಳಿಯ ತೂಕದ ಒಂದು ಪಾಲು ಇವನ ಮೇಲೆ ಬಂತು. ಇವನ ಕಾಲು ನೆಲವನ್ನು ಇನ್ನಷ್ಟು ಒತ್ತಿತು, ಹಿಡಿತ ಹೆಚ್ಚಿತು. ಎದುರಾಳಿಯ ಕಾಲು ಹಗುರಾಯಿತು, ಅವನ ಹಿಡಿತ ಕಮ್ಮಿಯಾಯಿತು. ಒಂದೇ ತಳ್ಳಿಗೆ ಎರಡು ಲಾಭ. ತಗ್ಗಿದವನೇ ಗೆಲ್ಲುತ್ತಾನೆ ಎಂದು ಕೋಚ್‌ಗಳು ದಿನಾ ಕೂಗುವುದು ಇದಕ್ಕೇ.

ಕೇಳಲು ಸುಲಭ. ಆದರೆ ಆರಡಿ ಮೇಲೆ ನಾಲ್ಕೈದು ಇಂಚು ಎತ್ತರದ, 136 ಕೆಜಿಯ ಹುಡುಗ ಸೊಂಟ, ಮಂಡಿ, ಪಾದದ ಕೀಲು ಮೂರನ್ನೂ ಮಡಿಸಿಕೊಂಡು, ಬೆನ್ನು ನೇರ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಓಡಬೇಕು. ಹೆಜ್ಜೆ ದೊಡ್ಡದಾದರೆ ಒಂದು ಕಾಲು ಗಾಳಿಯಲ್ಲಿರುತ್ತದೆ, ಆಗ ಸಮತೋಲ ತಪ್ಪುವುದು ಸುಲಭ. ಹೈಸ್ಕೂಲಿನಲ್ಲಿ ಬರೀ ಗಾತ್ರದಿಂದ ಎಲ್ಲರನ್ನೂ ಉರುಳಿಸಿ ಬಂದ ಹುಡುಗನಿಗೆ ಈ ಅಭ್ಯಾಸವೇ ಇರುವುದಿಲ್ಲ. 18 ವರ್ಷದವನ ತೊಡೆ, ಸೊಂಟಕ್ಕೆ 22 ವರ್ಷದವನ ಬಲವೂ ಇರುವುದಿಲ್ಲ. ಅದಕ್ಕೇ ಕಾಲೇಜು ತಂಡಗಳು ಲೈನ್ ಆಟಗಾರರನ್ನು ಮೊದಲ ವರ್ಷ ಆಡಿಸದೆ ಸುಮ್ನೆ ತಿನ್ನಿಸಿ, ತೂಕ ಎತ್ತಿಸಿ, ಕಲಿಸಿ ಇಟ್ಟುಕೊಳ್ಳುತ್ತವೆ.

ಇದು ಒಬ್ಬನ ಕಥೆ. ಐದು ಜನರದ್ದು ಇನ್ನೂ ಕಷ್ಟ. ಡಬಲ್ ಟೀಮ್ ಎಂಬುದನ್ನೇ ತೆಗೆದುಕೊಳ್ಳಿ. ಸೆಂಟರ್ ಮತ್ತು ಗಾರ್ಡ್ ಒಟ್ಟಿಗೆ ಎದುರಾಳಿಯ ದೊಡ್ಡ ದೇಹದವನೊಬ್ಬನನ್ನು ತಳ್ಳುತ್ತಾರೆ. ಅವನು ಸರಿದ ಮೇಲೆ ಇಬ್ಬರಲ್ಲಿ ಒಬ್ಬ ಅವನನ್ನು ಬಿಟ್ಟು, ಹಿಂದಿನಿಂದ ನುಗ್ಗಿ ಬರುವ ಲೈನ್‌ಬ್ಯಾಕರ್‌ನನ್ನು ತಡೆಯಬೇಕು. ಯಾರು ಬಿಡಬೇಕು? ಯಾವಾಗ? ಬೇಗ ಬಿಟ್ಟರೆ ಮುಂದಿನವನು ನಡುವಿನಿಂದ ತೂರಿಕೊಂಡು ಬರುತ್ತಾನೆ. ತಡವಾದರೆ ಲೈನ್‌ಬ್ಯಾಕರ್ ಓಡುವವನನ್ನು ಹಿಡಿದಾಯಿತು. ಮಾತಾಡಲು ಹೊತ್ತಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಮೈ ಸ್ಪಂದಿಸಲೇ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಇಬ್ಬರೂ ಒಂದೇ ಲೈನ್‌ಬ್ಯಾಕರ್‌ನನ್ನು ನೋಡುತ್ತಾ ಒಂದೇ ತೀರ್ಮಾನಕ್ಕೆ ಬರಬೇಕು. ನೂರಾರು ಸಲ ಪಕ್ಕಪಕ್ಕ ನಿಂತು ತಳ್ಳಿದವರಿಗೆ ಮಾತ್ರ ಇದು ಬರುತ್ತದೆ. 2013ರಲ್ಲಿ ಮಿಶಿಗನ್‌ನ ಒಳಗಿನ ಮೂರು ಜಾಗಗಳಲ್ಲಿ ಜನ ಬದಲಾಗುತ್ತಲೇ ಇದ್ದರು. ಜೋಡಿ ಪಳಗುವ ಮೊದಲೇ ಜೋಡಿ ಮುರಿಯುತ್ತಿತ್ತು.

ಈ ಲೈನ್ ಪೂರ್ತಿ ದುರ್ಬಲ ಆಗಿರಲಿಲ್ಲ ಎಂಬುದೇ ವಿಚಿತ್ರ. ಎಡ ಟ್ಯಾಕಲ್ ಟೇಲರ್ ಲೂವಾನ್ ಮರುವರ್ಷ ಎನ್‌ಎಫ್‌ಎಲ್ ಆಯ್ಕೆಯಲ್ಲಿ 11ನೆಯವರಾಗಿ ಹೋದರು. ಬಲ ಟ್ಯಾಕಲ್ ಮೈಕೆಲ್ ಸ್ಕೋಫೀಲ್ಡ್ ಡೆನ್ವರ್ ಬ್ರಾಂಕೋಸ್ ಸೇರಿ 2016ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಇಬ್ಬರು ಅಂಥವರಿದ್ದೂ ಸಲಕ್ಕೆ ಒಂದು ಗಜವೇ?

ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಐದೂ ಜನ ನೂರಕ್ಕೆ 90 ಸಲ ತಮ್ಮ ಕೆಲಸ ಸರಿಯಾಗಿ ಮಾಡುತ್ತಾರೆ ಎನ್ನಿ. ಐವರೂ ಒಟ್ಟಿಗೆ ಸರಿ ಮಾಡುವ ಸಾಧ್ಯತೆ 0.9 ಅನ್ನು ಐದು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 59. ಈಗ ಅಂಚಿನ ಇಬ್ಬರು 95ರವರು, ಒಳಗಿನ ಮೂವರು 75ರವರು ಎನ್ನಿ. ಗುಣಿಸಿದರೆ 38ಕ್ಕೆ ಇಳಿಯುತ್ತದೆ. ಲೈನ್ ಆಟದಲ್ಲಿ ಸಾಮರ್ಥ್ಯ ಕೂಡುವುದಿಲ್ಲ, ಗುಣಿಸುತ್ತದೆ. ಇಬ್ಬರು ತಾರೆಗಳು ಮೂವರು ಹೊಸಬರನ್ನು ಹೊತ್ತು ನಡೆಯಲು ಆಗುವುದಿಲ್ಲ.

ಕೋಚ್‌ಗಳು ಇದಕ್ಕೊಂದು ಉಪಾಯ ಹುಡುಕಿದರು. ಲೂವಾನ್, ಸ್ಕೋಫೀಲ್ಡ್ ಇಬ್ಬರನ್ನೂ ಒಂದೇ ಬದಿಗೆ ನಿಲ್ಲಿಸಿದರು. ಗಟ್ಟಿಗರಿಬ್ಬರ ಹಿಂದೆ ಓಡಿಸೋಣ ಎಂಬ ಯೋಚನೆ. ಆದರೆ ಎದುರಾಳಿಗೂ ಕಣ್ಣಿದೆ. ಇಬ್ಬರು ದೊಡ್ಡವರು ಒಂದೇ ಕಡೆ ನಿಂತರೆ ಓಟ ಎತ್ತ ಬರುತ್ತದೆ ಎಂದು ಹೇಳಿಕೊಟ್ಟಂತೆಯೇ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ತಪ್ಪು ಇದು. ದುರ್ಬಲ ಲೈನ್‌ಗೆ ಇರುವ ಒಂದೇ ಆಸರೆ ಎದುರಾಳಿಯ ಗೊಂದಲ. ಅದನ್ನೂ ಬಿಟ್ಟುಕೊಟ್ಟರೆ ಉಳಿಯುವುದು ಬರೀ ಬಲಾಬಲ.

ಇನ್ನು ತಲೆ ಎಣಿಕೆ. ಎರಡೂ ಕಡೆ 11 ಜನ ನಿಜ. ಆದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟು ಸುಮ್ಮನೆ ನಿಂತರೆ, ಓಡುವವನನ್ನೂ ಬಿಟ್ಟರೆ, ತಡೆಯಲು ಉಳಿಯುವವರು ಒಂಬತ್ತೇ ಜನ. ಎದುರಿಗೆ ಹನ್ನೊಂದು. ಸಾಮಾನ್ಯವಾಗಿ ಈ ಕೊರತೆ ಕಾಡುವುದಿಲ್ಲ, ಯಾಕೆಂದರೆ ಎಸೆತದ ಭಯದಿಂದ ಎದುರಾಳಿಯ ಕೆಲವರು ದೂರದಲ್ಲಿ ನಿಂತಿರುತ್ತಾರೆ. ಮಿಶಿಗನ್ ಸ್ಟೇಟ್ ಆ ಭಯವನ್ನೇ ತೆಗೆದುಹಾಕಿತ್ತು. ಅವರ ಕಾರ್ನರ್‌ಬ್ಯಾಕ್ ಡಾರ್ಕ್ವೀಜ್ ಡೆನಾರ್ಡ್ ಆ ವರ್ಷ ದೇಶದ ಅತ್ಯುತ್ತಮ ಡಿಫೆನ್ಸಿವ್ ಬ್ಯಾಕ್‌ಗೆ ಕೊಡುವ ಥಾರ್ಪ್ ಪ್ರಶಸ್ತಿ ಗೆದ್ದವರು. ಅಂಚಿನಲ್ಲಿ ಚೆಂಡು ಹಿಡಿಯಲು ಓಡುವವರನ್ನು ಅಂಥವರು ಒಬ್ಬೊಬ್ಬರೇ ನೋಡಿಕೊಂಡರು. ಹಾಗಾಗಿ ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿ ಆಟಗಾರರಿಬ್ಬರೂ ಓಟದ ಸುಳಿವು ಸಿಕ್ಕ ಕೂಡಲೇ ಮುಂದಕ್ಕೆ ನುಗ್ಗಬಹುದಿತ್ತು. ಡಿಫೆನ್ಸ್ ಕೋಚ್ ಪ್ಯಾಟ್ ನಾರ್ಡೂಜಿ ಲೈನ್‌ಬ್ಯಾಕರ್‌ಗಳನ್ನು ಸೆಂಟರ್‌ನ ಎರಡೂ ಪಕ್ಕದ ಸಂದಿಯಲ್ಲಿ ನುಗ್ಗಿಸಿದರು. ಮಿಶಿಗನ್‌ನ ಅತಿ ಎಳೆಯ ಜಾಗ ಅದೇ. ಮಿಶಿಗನ್ ಸ್ಟೇಟ್ ಮುಂದೆ ಋತುವಿನ ಕೊನೆಯ ಹೆಸರಾಂತ ಪಂದ್ಯ ರೋಸ್ ಬೌಲ್ ಗೆದ್ದಿತು.

ತಲೆ ಎಣಿಕೆ ಸರಿಮಾಡುವ ಒಂದು ದಾರಿ ಮಿಶಿಗನ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಹಿಂದಿನ ಕೋಚ್ ರಿಚ್ ರೋಡ್ರಿಗಸ್ ಕಾಲದಲ್ಲಿ ಕ್ವಾರ್ಟರ್‌ಬ್ಯಾಕೇ ಓಡುತ್ತಿದ್ದರು. ಎದುರಾಳಿಯ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುವುದು. ಅವನು ರನ್ನಿಂಗ್ ಬ್ಯಾಕ್ ಕಡೆ ಹೋದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡುವುದು, ನಿಂತರೆ ಚೆಂಡು ಕೊಟ್ಟುಬಿಡುವುದು. 2010ರಲ್ಲಿ ಡೆನಾರ್ಡ್ ರಾಬಿನ್ಸನ್ ಹೀಗೆಯೇ 1,702 ಗಜ ಓಡಿದ್ದರು. 2011ರಲ್ಲಿ ಬಂದ ಹೊಸ ಕೋಚ್ ಬ್ರೇಡಿ ಹೋಕ್ ಅವರಿಗೆ ಬೇಕಿದ್ದುದು ಹಳೆಯ ಕಾಲದ ನೇರ ತಳ್ಳಾಟ. ಗಾರ್ಡ್ನರ್ ಕೂಡ ಓಡಬಲ್ಲವರೇ, ಆದರೆ ಅವರಿಗೆ ಪೆಟ್ಟಾದರೆ ಬದಲಿಗೆ ಇದ್ದದ್ದು ಮೊದಲ ವರ್ಷದ ಹುಡುಗ.

ತಳ್ಳಾಟಕ್ಕೆ ಪಳಗಿದ ಲೈನ್ ಬೇಕು. ಅದು ಇಲ್ಲದ್ದಕ್ಕೆ ಕಾರಣ ಮೂರು ವರ್ಷ ಹಿಂದಿದೆ. 2010ರಲ್ಲಿ ತಂಡ ಸೇರಿದವರಲ್ಲಿ ಲೈನ್ ಆಟಗಾರ ಒಬ್ಬನೇ, ಗಾಯದಿಂದ ಅವನೂ ಆಟ ಬಿಡಬೇಕಾಯಿತು. 2013ರಲ್ಲಿ ಹಿರಿಯರಾಗಿ ಒಳಗೆ ನಿಲ್ಲಬೇಕಿದ್ದವರು ಆ ವರ್ಷ ಸೇರಬೇಕಿದ್ದವರೇ. ಆ ಖಾಲಿ ಜಾಗಕ್ಕೆ ಕಿರಿಯರು ಬಂದರು. ವೃತ್ತಿಪರ ತಂಡವಾದರೆ ದುಡ್ಡು ಕೊಟ್ಟು ಅನುಭವಿಗಳನ್ನು ತರಬಹುದು. ಆಗಿನ ಕಾಲೇಜು ನಿಯಮದಲ್ಲಿ ಬೇರೆ ಕಾಲೇಜಿನಿಂದ ಬಂದವನು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. ಒಂದು ವರ್ಷದ ಆಯ್ಕೆ ತಪ್ಪಿದರೆ ಅದರ ಬಿಸಿ ಮೂರು ನಾಲ್ಕು ವರ್ಷದ ಮೇಲೆ ತಟ್ಟುತ್ತದೆ, ಆಗ ತಪ್ಪು ಮಾಡಿದ ಕೋಚ್ ಊರಲ್ಲೇ ಇರುವುದಿಲ್ಲ.

ಓಟವನ್ನು ಅಳೆಯುವ ರೀತಿಯೂ ಬೈಗುಳ ತಪ್ಪು ಜಾಗಕ್ಕೆ ಹೋಗಲು ಕಾರಣ. ಸರಾಸರಿ ಗಜ ನೋಡಿದರೆ ಮೋಸ ಹೋಗುತ್ತೇವೆ: ನಾಲ್ಕು ಸಲ ಸೊನ್ನೆ, ಒಂದು ಸಲ 30 ಗಜ ಓಡಿದರೂ ಸರಾಸರಿ ಆರು ಬರುತ್ತದೆ. ಅದಕ್ಕೇ ಅಂಕಿತಜ್ಞರು ಒಂದೊಂದು ಓಟ ಕೆಲಸಕ್ಕೆ ಬಂತೇ ಎಂದು ಕೇಳುತ್ತಾರೆ. ಮೊದಲ ಅವಕಾಶದಲ್ಲಿ ಬೇಕಾದ ದೂರದ ಅರ್ಧ, ಎರಡನೆಯದರಲ್ಲಿ ಉಳಿದದ್ದರ ನೂರಕ್ಕೆ 70 ಪಾಲು, ಆಮೇಲೆ ಪೂರ್ತಿ ಸಿಕ್ಕರೆ ಗೆಲುವು. ಇನ್ನೊಂದು ಅಳತೆ ಓಟವನ್ನು ಲೈನ್‌ಗೂ ಓಡುವವನಿಗೂ ಹಂಚುತ್ತದೆ: ಮೊದಲ ನಾಲ್ಕು ಗಜ ಪೂರ್ತಿ ಲೈನ್‌ನದು, ಐದರಿಂದ ಹತ್ತರವರೆಗೆ ಅರ್ಧ, ಅದರಾಚೆ ಎಲ್ಲ ಓಡುವವನದು. ಈ ತಕ್ಕಡಿಯಲ್ಲಿ ಇಟ್ಟರೆ 27 ಸಲಕ್ಕೆ 27 ಗಜ ಎಂಬುದರಲ್ಲಿ ಟೂಸಾಂಟ್ ಪಾಲು ತೀರಾ ಕಮ್ಮಿ.

ಅದೇ ವರ್ಷದ ನವೆಂಬರ್ 30ರಂದು ಒಂದು ಅಚ್ಚರಿ ನಡೆಯಿತು. ಅದೇ ಮಿಶಿಗನ್ ಬಲಿಷ್ಠ ಓಹಾಯೋ ಸ್ಟೇಟ್ ವಿರುದ್ಧ ಒಟ್ಟು 603 ಗಜ ಗಳಿಸಿತು. ಗಾರ್ಡ್ನರ್ ಪೆಟ್ಟಾದ ಪಾದದಲ್ಲೇ ಆಡಿ 451 ಗಜ ಎಸೆದರು. ಓಟದಿಂದಲೂ 150 ಗಜ ದಾಟಿತು. 42–41ರಲ್ಲಿ ಒಂದೇ ಅಂಕದಿಂದ ಸೋತರೂ ಆ ಪಂದ್ಯ ದೊಡ್ಡ ಪಾಠ. ನಾಲ್ಕು ವಾರದಲ್ಲಿ ಹುಡುಗರ ತೊಡೆ ಗಟ್ಟಿಯಾಗಿರಲಿಲ್ಲ. ಬೇಗ ಬೇಗ ಎಸೆದು, ಎದುರಾಳಿಯನ್ನು ಅಂಚಿಗೆಳೆದು, ಮುಂದೇನು ಎಂದು ತಿಳಿಯದಂತೆ ಆಡಿದ್ದರಿಂದ ಮಧ್ಯದಲ್ಲಿ ಜಾಗ ಆಯಿತು. ಹಾಗಿದ್ದರೂ ಮರುವರ್ಷದ ಜನವರಿಯಲ್ಲಿ ಆಫೆನ್ಸ್ ಕೋಚ್ ಆಲ್ ಬೋರ್ಜಸ್ ಕೆಲಸ ಹೋಯಿತು, ವರ್ಷದ ಕೊನೆಗೆ ಹೋಕ್ ಅವರದೂ ಹೋಯಿತು.

ಮಿಶಿಗನ್ ಓಟ ಪೂರ್ತಿ ಎದ್ದು ನಿಲ್ಲಲು ಇನ್ನೂ ಕೆಲವು ವರ್ಷ ಹಿಡಿಯಿತು. 2021 ಮತ್ತು 2022ರಲ್ಲಿ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಎರಡು ವರ್ಷವೂ ಅವರಿಗೇ ಬಂತು. 2024ರ ಜನವರಿಯಲ್ಲಿ ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದಾಗ ಓಟದಿಂದಲೇ 303 ಗಜ.

2013ರಲ್ಲಿ ಬೈಸಿಕೊಂಡ ಆ ಒಳಗಿನ ಹುಡುಗರು ಏನಾದರು ಎಂಬುದನ್ನೂ ಹೇಳಬೇಕು. ಕೈಲ್ ಕಾಲಿಸ್, ಎರಿಕ್ ಮ್ಯಾಗ್ನುಸನ್ 2016ರಲ್ಲಿ ಹತ್ತು ಪಂದ್ಯ ಗೆದ್ದ ತಂಡದ ಹಿರಿಯರಾಗಿ ನಿಂತರು. ಗ್ರಹಾಮ್ ಗ್ಲಾಸ್ಗೋ ಸ್ಕಾಲರ್‌ಶಿಪ್ ಕೂಡ ಇಲ್ಲದೆ ತಂಡ ಸೇರಿದವರು. ಅವರನ್ನು 2016ರಲ್ಲಿ ಡೆಟ್ರಾಯಿಟ್ ಲಯನ್ಸ್ ಮೂರನೇ ಸುತ್ತಿನಲ್ಲೇ ಆರಿಸಿಕೊಂಡಿತು, ಎನ್‌ಎಫ್‌ಎಲ್‌ನಲ್ಲಿ ಅವರು ವರ್ಷಗಟ್ಟಲೆ ಸೆಂಟರ್ ಮತ್ತು ಗಾರ್ಡ್ ಆಗಿ ಆಡಿದರು.