ಪ್ರೈವೇಟ್ ಸಿಲಬಸ್ ಅಂತ ಒಂದಿಲ್ಲ

ಏಪ್ರಿಲ್‌ನಲ್ಲಿ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೈಗೆ ಬಂತೆಂದರೆ ನಮ್ಮ ಮನೆ ಗೇಟಿಗೆ ಬಿಡುವಿರುವುದಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಎಚ್ಚೆಮ್ ಆಗಿ ನಿವೃತ್ತಳಾದವಳು ನಾನು. ತಿಪಟೂರಿನ ಸುತ್ತಮುತ್ತಲಿನವರಿಗೆ ಇವತ್ತಿಗೂ ಹೆಡ್ ಮೇಡಂ. ಬಂದವರೆಲ್ಲರ ಪ್ರಶ್ನೆಯೂ ಒಂದೇ. "ಮಗಳನ್ನ ಎಂಟಕ್ಕೆ ಸರ್ಕಾರಿಗೆ ಹಾಕೋದಾ, ಪ್ರೈವೇಟಿಗೆ ಹಾಕೋದಾ ಮೇಡಂ?"

"ಯಾವ ಮೀಡಿಯಂ?" ಅಂತ ನಾನು ಕೇಳುತ್ತೇನೆ.

"ಪ್ರೈವೇಟು."

"ಅದು ಶಾಲೆ ಆಯ್ತಪ್ಪ. ಮೀಡಿಯಂ ಯಾವುದು?"

"ಪ್ರೈವೇಟ್ ಅಂದ್ರೆ ಇಂಗ್ಲಿಷೇ ಅಲ್ವಾ?"

"ಸಿಲಬಸ್?"

"ಅದೇ ಮೇಡಂ, ಪ್ರೈವೇಟ್ ಸಿಲಬಸ್ಸು."

ಪ್ರೈವೇಟ್ ಸಿಲಬಸ್ ಅನ್ನುವುದು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಓದಿದವರು, ಓದದವರು, ಅಂಗಡಿಯವರು, ಬ್ಯಾಂಕಿನವರು ಎಲ್ಲರೂ ಇಲ್ಲೇ ಎಡವುತ್ತಾರೆ. ಅದಕ್ಕೇ ಇವತ್ತು ಬರೆದೇ ಹೇಳುತ್ತೇನೆ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಶಾಲೆಯನ್ನು ನಡೆಸುವವರು ಯಾರು ಅನ್ನುವುದು ಒಂದು ವಿಷಯ. ಸರ್ಕಾರ ನಡೆಸಬಹುದು. ಖಾಸಗಿ ಸಂಸ್ಥೆ ನಡೆಸಿ, ಮೇಷ್ಟ್ರುಗಳಿಗೆ ಸರ್ಕಾರ ಸಂಬಳ ಕೊಡಬಹುದು. ಅದು ಅನುದಾನಿತ ಶಾಲೆ. ನಮ್ಮ ಕಡೆಯ ಹಳೇ ಹೈಸ್ಕೂಲುಗಳಲ್ಲಿ ಬೇಕಾದಷ್ಟು ಈ ಥರದವು, ಆದರೆ ಯಾರಿಗೂ ನೆನಪಾಗುವುದೇ ಇಲ್ಲ. ಮೂರನೆಯದು ಪೂರ್ತಿ ಫೀಸಿನ ಮೇಲೆ ನಡೆಯುವ ಅನುದಾನರಹಿತ ಶಾಲೆ. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಅನ್ನುವುದು ಇನ್ನೊಂದು ವಿಷಯ. ಯಾವ ಬೋರ್ಡಿನ ಪರೀಕ್ಷೆ ಅನ್ನುವುದು ಮತ್ತೊಂದು. ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಧ್ಯಮ ಇರಬಹುದು. ಆದರ್ಶ ವಿದ್ಯಾಲಯಗಳಂತೂ ಸರ್ಕಾರದವೇ, ಇಂಗ್ಲಿಷ್ ಮಾಧ್ಯಮದವೇ. 2018ರಿಂದ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಇಂಗ್ಲಿಷ್ ವಿಭಾಗ ಇದೆ. ಹಾಗೇ ಖಾಸಗಿ ಶಾಲೆಯಲ್ಲಿ ಕನ್ನಡ ಮಾಧ್ಯಮ ಇರಬಹುದು. ಖಾಸಗಿ ಅಂದಮಾತ್ರಕ್ಕೆ ಕೇಂದ್ರದ ಬೋರ್ಡಾದ ಸಿಬಿಎಸ್ಇ ಅಲ್ಲ. ನಮ್ಮ ತಾಲ್ಲೂಕು ಕಡೆಯ ಖಾಸಗಿ ಹೈಸ್ಕೂಲುಗಳಲ್ಲಿ ಜಾಸ್ತಿ ಇರುವುದು ಸ್ಟೇಟ್ ಸಿಲಬಸ್ಸೇ.

ಸ್ಟೇಟ್ ಸಿಲಬಸ್ ಅಂದಮೇಲೆ ಸರ್ಕಾರಿ ಶಾಲೆಯ ಹುಡುಗಿಗೂ ಖಾಸಗಿ ಶಾಲೆಯ ಹುಡುಗಿಗೂ ಪಠ್ಯ ಒಂದೇ. ಬರೆಯುವುದು ಅದೇ ಎಸ್ಸೆಸ್ಸೆಲ್ಸಿ, ಅಷ್ಟೇ ಮಾರ್ಕ್ಸಿಗೆ. ಪ್ರಶ್ನೆಪತ್ರಿಕೆ ಬರುವುದು ಒಂದೇ ಬೋರ್ಡಿನಿಂದ, ಉತ್ತರಪತ್ರಿಕೆ ತಿದ್ದುವವರಿಗೆ ಅದು ಯಾವ ಶಾಲೆಯದೆಂದು ಗೊತ್ತಾಗುವುದೂ ಇಲ್ಲ. "ನೀಟ್ ಬರೀಬೇಕು ಮೇಡಂ, ಅದಕ್ಕೆ ಸ್ಟೇಟ್ ಸಿಲಬಸ್ ಸಾಲಲ್ಲ" ಅನ್ನುವವರಿಗೆ ಇನ್ನೊಂದು ಮಾತು. ನಮ್ಮ ಹೈಸ್ಕೂಲಿನ ಗಣಿತ, ವಿಜ್ಞಾನದ ಪುಸ್ತಕಗಳು ಕೆಲವು ವರ್ಷಗಳಿಂದ ಸಿಬಿಎಸ್ಇ ಶಾಲೆಗಳಲ್ಲಿ ಓದಿಸುವ ಎನ್‌ಸಿಇಆರ್‌ಟಿಯವೇ. ಪುಸ್ತಕದ ಹಿಂದೆ ಮುಂದೆ ತಿರುಗಿಸಿ ನೋಡಿ, ಅಲ್ಲೇ ಅಚ್ಚಾಗಿದೆ.

ಇಷ್ಟು ಹೇಳಿದರೂ ತಲೆಯಲ್ಲಿ ಶಾಲೆ, ಮಾಧ್ಯಮ, ಸಿಲಬಸ್ ಮೂರೂ ಒಂದೇ ಗಂಟಾಗಿ ಕೂತಿರುತ್ತವೆ. ಹಾಗಾಗಿ ಶಾಲೆ ಬದಲಾಯಿಸುವ ನೆಪದಲ್ಲಿ ಏಳು ವರ್ಷ ಕನ್ನಡದಲ್ಲಿ ಓದಿದ ಹುಡುಗಿಯ ಮಾಧ್ಯಮವನ್ನೂ ಎಂಟನೇ ಕ್ಲಾಸಿನಲ್ಲಿ ಬದಲಾಯಿಸಿಬಿಡುತ್ತಾರೆ. ಅದೊಂದು ಬೇರೆಯೇ ತೀರ್ಮಾನ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಒಬ್ಬ ತಾಯಿ ದಸರಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹಳ್ಳಿ ಶಾಲೆಯಲ್ಲಿ ಏಳರವರೆಗೆ ಓದಿ, ಪಟ್ಟಣದ ಒಂದು ಖಾಸಗಿ ಹೈಸ್ಕೂಲಿನ ಇಂಗ್ಲಿಷ್ ವಿಭಾಗಕ್ಕೆ ಸೇರಿದ್ದಳು. "ಏಳರಲ್ಲಿ ಫಸ್ಟ್ ಬರ್ತಿದ್ಲು ಮೇಡಂ, ಇಲ್ಲಿಗೆ ಬಂದ್ಮೇಲೆ ದಡ್ಡಿ ಆಗ್ಬಿಟ್ಟಿದಾಳೆ" ಅಂತ ಹುಡುಗಿಯ ಎದುರಿಗೇ ಹೇಳಿದರು. ಗಣಿತದ ನೋಟ್ಸ್ ತೆಗೆಸಿ ನೋಡಿದೆ. ಅಕ್ಷರ ದುಂಡಗೆ, ಪ್ರತಿ ಪ್ರಶ್ನೆಯ ಕೆಳಗೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕವೆಲ್ಲ ಒಂದಕ್ಷರ ತಪ್ಪದೆ ಇಳಿದಿದೆ. ಮನೆಗೆ ಕೊಟ್ಟ ಲೆಕ್ಕದಲ್ಲಿ ಮಾತ್ರ ಪ್ರಶ್ನೆ ಇದೆ, ಗೆರೆ ಇದೆ, ಕೆಳಗೆ ಅರ್ಧ ಪುಟ ಖಾಲಿ. ಪುಟದಿಂದ ಪುಟಕ್ಕೆ ಹೀಗೇ. ಪುಸ್ತಕ ಮುಚ್ಚಿಟ್ಟು ಅದರಲ್ಲಿದ್ದಂಥದ್ದೇ ಒಂದು ಲೆಕ್ಕ ಬಾಯಲ್ಲಿ ಕೇಳಿದೆ. ಅಮ್ಮನ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, ಇಬ್ಬರದೂ ಕೂಡಿದರೆ 48, ಯಾರಿಗೆ ಎಷ್ಟು? ಪೆನ್ನು ಮುಟ್ಟಲಿಲ್ಲ. "ಮಗಳಿಗೆ 12, ಅಮ್ಮಂಗೆ 36" ಅಂದಳು.

ದಡ್ಡಿಯಂತೆ!

ಇದರಲ್ಲಿ ತಮಾಷೆ ಏನು ಗೊತ್ತಾ? ಅದೇ ಶಾಲೆಯಲ್ಲಿ, ಅದೇ ಕಟ್ಟಡದಲ್ಲಿ ಕನ್ನಡ ಮಾಧ್ಯಮದ ವಿಭಾಗವೂ ಇತ್ತು. ಫೀಸೂ ಕಮ್ಮಿ. ಗಣಿತದ ಮೇಷ್ಟ್ರು ಎರಡೂ ವಿಭಾಗಕ್ಕೆ ಒಬ್ಬರೇ. ಆ ತಾಯಿ ಕೇಳಿರಲಿಲ್ಲ, ಶಾಲೆಯವರು ಹೇಳಿರಲಿಲ್ಲ. ಒಂಬತ್ತಕ್ಕೆ ಹುಡುಗಿಯನ್ನು ಅಲ್ಲಿಗೆ ಹಾಕಿಸಿದರು. ಎಸ್ಸೆಸ್ಸೆಲ್ಸಿ ಚೆನ್ನಾಗಿಯೇ ಮಾಡಿದಳು.

"ಹೇಗಿದ್ರೂ ಪಿಯುಸಿ ಸೈನ್ಸ್ ಇಂಗ್ಲಿಷಲ್ಲೇ ತಾನೆ, ಈಗ್ಲೇ ಅಭ್ಯಾಸ ಆಗ್ಲಿ" ಅನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆ ಹುಡುಗಿಗೂ ಫಸ್ಟ್ ಪಿಯುಸಿಯಲ್ಲಿ ಮೊದಲ ಕೆಲವು ತಿಂಗಳು ಕಷ್ಟವೇ ಆಯಿತು. ಆದರೆ ಬದಲಾಯಿಸಲೇಬೇಕು ಅಂತಿದ್ದರೆ ಆರನೇ ಕ್ಲಾಸಿನಲ್ಲಿ ಬದಲಾಯಿಸಿ, ಸುಧಾರಿಸಿಕೊಳ್ಳಲು ಟೈಮ್ ಸಿಗುತ್ತದೆ. ಇಲ್ಲವೇ ಹತ್ತು ಮುಗಿಯಲಿ. ಎಂಟರಲ್ಲಿ ಗಣಿತಕ್ಕೆ ಬೀಜಗಣಿತ ಗಟ್ಟಿಯಾಗಿ ಸೇರುತ್ತದೆ, ವಿಜ್ಞಾನ ದಪ್ಪಗಾಗುತ್ತದೆ, ಮಗುವಿನ ಮೈಯೂ ಬದಲಾಗುತ್ತಿರುತ್ತದೆ, ಹಳೇ ಗೆಳತಿಯರು ಇರುವುದಿಲ್ಲ. ಇಷ್ಟರ ಮೇಲೆ ಭಾಷೆಯನ್ನೂ ಹೇರಿದರೆ ಕೆಲವು ಮಕ್ಕಳು ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತವೆ. ಹುಡುಗರು ಗಲಾಟೆ ಮಾಡಿಯಾದರೂ ಸಿಕ್ಕಿಬೀಳುತ್ತಾರೆ. ಹುಡುಗಿಯರು ಸುಮ್ನೆ ಕೂತು ಬರೆದುಕೊಳ್ಳುತ್ತಾರೆ. ನೋಟ್ಸ್ ಚೆನ್ನಾಗಿದೆ, ಮಗು ಚೆನ್ನಾಗಿ ಓದುತ್ತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಎಂಟರಲ್ಲಿ ಬದಲಾಯಿಸಿ ಆರಾಮಾಗಿ ಓದಿದವರೂ ನನ್ನ ಕಣ್ಣ ಮುಂದಿದ್ದಾರೆ. ಮನೆಯಲ್ಲಿ ಕೂರಿಸಿ ಹೇಳಿಕೊಡುವವರಿದ್ದರೆ, ಶಾಲೆಯವರು ಮೊದಲ ತಿಂಗಳುಗಳಲ್ಲಿ ಎರಡೂ ಭಾಷೆಯಲ್ಲಿ ವಿವರಿಸಿದರೆ ನಡೆಯುತ್ತದೆ. ಮಗಳನ್ನೇ ಒಂದು ಮಾತು ಕೇಳಿ. ಅವಳನ್ನು ಬಿಟ್ಟು ಮಾವ, ಚಿಕ್ಕಪ್ಪ, ಎದುರು ಮನೆಯವರು ಎಲ್ಲರನ್ನೂ ಕೇಳಿರುತ್ತೀರಿ.

ತಿರುಗಾಮುರುಗಾ ಸಮಸ್ಯೆಯೂ ಇದೆ. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನಲ್ಲಿ ಖಾಸಗಿ ಶಾಲೆ ಸೇರಿ, ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವಿಗೆ ಆ ಕಾಯ್ದೆಯ ಉಚಿತ ಓದು ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಫೀಸ್ ಕಟ್ಟಿ ಅನ್ನುತ್ತಾರೆ. ಅಪ್ಪ ಅಮ್ಮನಿಗೆ ಅದು ಗೊತ್ತಾಗುವುದೇ ಮೇ ತಿಂಗಳಲ್ಲಿ. ಗಾಬರಿಯಿಂದ ಹತ್ತಿರದ ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮಕ್ಕೆ ತಂದು ಹಾಕುತ್ತಾರೆ. ಅದೇ ಖಾಲಿ ಪುಟ, ಭಾಷೆ ಮಾತ್ರ ಅದಲು ಬದಲು. ನಿಮ್ಮ ಮಗಳು ಆರ್‌ಟಿಇಯಲ್ಲಿ ಓದುತ್ತಿದ್ದರೆ ಏಳನೇ ಕ್ಲಾಸಿನಲ್ಲಿರುವಾಗಲೇ ಇಂಗ್ಲಿಷ್ ವಿಭಾಗ ಇರುವ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲ್ ಎಲ್ಲಿದೆ ಅಂತ ವಿಚಾರಿಸಿಡಿ.

ಮಾಧ್ಯಮದ ಮಾತು ಮುಗೀತು ಅಂದಮೇಲೆ ಶಾಲೆ. ಇಲ್ಲಿ ನನ್ನದು ಒಂದೇ ಪ್ರಶ್ನೆ. ಗಣಿತ, ವಿಜ್ಞಾನ ಯಾರು ತಗೋತಾರೆ? ನಮ್ಮ ಭಾಷೆಯಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮೇಷ್ಟ್ರು ಇದ್ದಾರಾ, ಇಲ್ವಾ? ಸರ್ಕಾರಿ ಶಾಲೆಯಲ್ಲಿ ಕಾಯಂ ಮೇಷ್ಟ್ರು ವರ್ಗಾವಣೆಯಾಗಿ ಹೋಗಿದ್ದರೆ ಅತಿಥಿ ಶಿಕ್ಷಕರು ಬರುವವರೆಗೆ ಆ ಪೀರಿಯಡ್ ಖಾಲಿ. ಅತಿಥಿ ಶಿಕ್ಷಕರು ಅಂದರೆ ಮೂಗು ಮುರಿಯಬೇಡಿ, ಕಾಯಂನವರಿಗಿಂತ ಚೆನ್ನಾಗಿ ಹೇಳಿಕೊಡುವವರು ಎಷ್ಟೋ ಜನ ಇದ್ದಾರೆ. ಅವರು ಯಾವಾಗ ಬರುತ್ತಾರೆ ಅನ್ನುವುದೇ ಪ್ರಶ್ನೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬಿದೆಯಾ ಅಂತ ಕೇಳಿ. ಖಾಸಗಿಯಲ್ಲಿ ಹೋದ ವರ್ಷ ಎಷ್ಟು ಜನ ಕೆಲಸ ಬಿಟ್ಟರು ಅಂತ ಕೇಳಿ. ಸಂಬಳ ಸಾಲದೆ ನಡುವರ್ಷದಲ್ಲಿ ಬಿಟ್ಟುಹೋಗುವವರು ಜಾಸ್ತಿ. ಆಫೀಸಿನಲ್ಲಿ ಕೇಳಿದರೆ "ಎಲ್ಲಾ ಇದಾರೆ" ಅಂತಲೇ ಹೇಳುತ್ತಾರೆ. ಅಲ್ಲಿ ಒಂಬತ್ತು ಓದುತ್ತಿರುವ ಮಗುವನ್ನು ಕೇಳಿ, ಸತ್ಯ ಬರುತ್ತದೆ.

ನೂರಕ್ಕೆ ನೂರು ಫಲಿತಾಂಶ ಅಂತ ಫ್ಲೆಕ್ಸ್ ಹಾಕಿರುತ್ತಾರಲ್ಲ, ಅದನ್ನು ನೋಡಿ ಮಾರುಹೋಗಬೇಡಿ. ಮೂರು ವರ್ಷದ ಹಿಂದೆ ಎಂಟಕ್ಕೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಹತ್ತನೇ ಪರೀಕ್ಷೆಗೆ ಕೂತವರು ಎಷ್ಟು ಅಂತ ಕೇಳಿ. ಓದುವುದರಲ್ಲಿ ಸ್ವಲ್ಪ ಹಿಂದಿರುವ ಮಗುವಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ಶಾಲೆಗಳಿವೆ. ಆ ಮಕ್ಕಳು ಬಂದು ಸೇರುವುದು ಸರ್ಕಾರಿ ಶಾಲೆಗೆ. ಆಮೇಲೆ ಸರ್ಕಾರಿ ಶಾಲೆಯ ರಿಸಲ್ಟ್ ಕಮ್ಮಿ ಅನ್ನುತ್ತಾರೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಬಿತ್ತು, ಅದೂ ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೆ. ಹಳೇ ಫ್ಲೆಕ್ಸುಗಳನ್ನು ಎಷ್ಟು ನಂಬಬೇಕೋ ನೀವೇ ಲೆಕ್ಕ ಹಾಕಿ. ಅದೇ ವರ್ಷ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲು ಬಂದವಳು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಸರ್ಕಾರದ ಶಾಲೆ. ಒಬ್ಬಳು ಬಂದಳು ಅಂತ ಎಲ್ಲ ಸರ್ಕಾರಿ ಶಾಲೆಯೂ ಹಾಗೇ ಅಂತ ಅಲ್ಲ. ಆದರೆ "ಸರ್ಕಾರಿ ಶಾಲೇಲಿ ಏನಿದೆ" ಅನ್ನುವವರ ಎದುರು ಈ ಮಾತು ಹೇಳುವುದು ನನಗೆ ಖುಷಿ.

ಮಗಳ ವಿಷಯ ಅಂದಮೇಲೆ ಇನ್ನೆರಡು ಸಂಗತಿ ನೋಡಲೇಬೇಕು. ಶೌಚಾಲಯ ಮತ್ತು ದಾರಿ. ಶಾಲೆ ನೋಡಲು ಹೋದ ತಾಯಂದಿರಿಗೆ ನಾನು ಹೇಳುವುದು, ಹುಡುಗಿಯರ ಶೌಚಾಲಯಕ್ಕೆ ನೀವೇ ಒಂದು ಸಲ ಹೋಗಿ ಬನ್ನಿ. ನೀರು ಬರುತ್ತಾ, ಚಿಲಕ ಬೀಳುತ್ತಾ, ಮಧ್ಯಾಹ್ನವೂ ಬೀಗ ತೆಗೆದಿರುತ್ತಾ ನೋಡಿ. ಇಲ್ಲದಿದ್ದರೆ ಮಗು ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ತಿಂಗಳಿಗೆ ಮೂರು ದಿನ ಶಾಲೆಗೇ ಹೋಗುವುದಿಲ್ಲ. ಇದು ಸರ್ಕಾರಿಗೂ ಅಷ್ಟೇ, ಗ್ಲಾಸ್ ಬಾಗಿಲಿನ ಖಾಸಗಿಗೂ ಅಷ್ಟೇ. ದಾರಿಯ ಮಾತಿಗೆ ಬಂದರೆ, ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಒಳ್ಳೆಯದೇ. ಆದರೆ ಹತ್ತನೇ ಕ್ಲಾಸಿಗೆ ಸಂಜೆ ವಿಶೇಷ ತರಗತಿ ಇರುತ್ತದೆ. ಅದು ಮುಗಿದ ಮೇಲೆ ನಿಮ್ಮೂರಿಗೆ ಬಸ್ಸಿದೆಯಾ? ಶಾಲೆಯ ವ್ಯಾನ್ ಆದರೆ ಊರೂರು ಸುತ್ತಿ ಮನೆ ಸೇರುವುದು ಎಷ್ಟು ಹೊತ್ತಿಗೆ? ದೂರದ ದೊಡ್ಡ ಶಾಲೆಗಿಂತ ನಡೆದು ಹೋಗುವ ಸಾಧಾರಣ ಶಾಲೆಯೇ ವಾಸಿ ಅನ್ನುವ ಪರಿಸ್ಥಿತಿ ಬೇಕಾದಷ್ಟು ಸಲ ಇರುತ್ತದೆ.

ದುಡ್ಡಿನ ಮಾತು. ನಮ್ಮ ಕಡೆ ಕೊಬ್ಬರಿ ರೇಟ್ ಏರಿದ ವರ್ಷ ಪ್ರೈವೇಟ್ ಶಾಲೆಗಳಿಗೆ ಅಡ್ಮಿಷನ್ನೂ ಏರುತ್ತದೆ. "ಈ ಸಲ ಒಳ್ಳೇ ರೇಟ್ ಸಿಕ್ತು ಮೇಡಂ, ಸೇರಿಸ್ಬಿಡೋಣ" ಅನ್ನುತ್ತಾರೆ. ಹೈಸ್ಕೂಲ್ ಮೂರು ವರ್ಷ ಕಣಪ್ಪ. ಮಾರುಕಟ್ಟೆ ಮೂರು ವರ್ಷ ಹಾಗೇ ಇರುತ್ತದಾ? ರೇಟ್ ಬಿದ್ದ ವರ್ಷ ಫೀಸ್ ಕಟ್ಟಲಾಗದೆ ಶಾಲೆ ಬಿಡಿಸುವುದಾದರೆ ಮೊದಲು ಬಿಡಿಸುವುದು ಮಗಳನ್ನು, ಮಗನನ್ನಲ್ಲ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ. ಮಗನಿಗೆ ಖಾಸಗಿ, ಮಗಳಿಗೆ ಸರ್ಕಾರಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡು, ನನ್ನ ಬಾಯಲ್ಲಿ "ಸರ್ಕಾರಿಯೇ ಒಳ್ಳೇದು" ಅಂತ ಹೇಳಿಸಿಕೊಂಡು ಹೋಗಲು ಬರುವವರೂ ಇದ್ದಾರೆ. ಅವರಿಗೆ ನಾನು ಕಾಫಿ ಕೊಡುತ್ತೇನೆ, ಸರ್ಟಿಫಿಕೇಟ್ ಕೊಡುವುದಿಲ್ಲ.

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಸಿಗುವುದು ಅಂತ ಕೆಲವು ಇವೆ. ಬಿಸಿಯೂಟ, ಮೊಟ್ಟೆ ಎಲ್ಲರಿಗೂ ಗೊತ್ತು. ಎನ್ಎಂಎಂಎಸ್ ಪರೀಕ್ಷೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಎಂಟನೇ ಕ್ಲಾಸಿನಲ್ಲಿ ಬರೆದು ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸ್ಕಾಲರ್‌ಶಿಪ್. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು. ಫೀಸಿನ ಖಾಸಗಿ ಶಾಲೆಗೆ ಸೇರಿಸಿದರೆ ಈ ಬಾಗಿಲು ಮುಚ್ಚಿತು.

ಇನ್ನೊಂದು ಬಾಗಿಲು ಇದಕ್ಕಿಂತ ದೊಡ್ಡದು. ಎಂಜಿನಿಯರಿಂಗ್ ಥರದ ಕೋರ್ಸುಗಳ ಸೀಟು ಹಂಚುವ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15 ಸೀಟು ಮೀಸಲು. ಬೇರೆ ಷರತ್ತುಗಳೂ ಇವೆ, ಆಯಾ ವರ್ಷದ ಮಾಹಿತಿ ಪುಸ್ತಕ ನೋಡಿಕೊಳ್ಳಿ. ಏಳು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿಸಿ, ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದಿರಾ, ಎರಡೂ ಹೋಯಿತು. ಒಂಬತ್ತಕ್ಕೆ ವಾಪಸ್ ತಂದರೂ ಬರುವುದಿಲ್ಲ. ನಾನು ಹೇಳಿದ ಆ ಹುಡುಗಿಗೂ ಒಂದು ವರ್ಷದ ಆಸೆಗೆ ಎರಡೂ ತಪ್ಪಿತು. ಗೊತ್ತಿದ್ದು ಬಿಟ್ಟುಕೊಟ್ಟರೆ ಅದು ನಿಮ್ಮ ಇಷ್ಟ. ಗೊತ್ತಿಲ್ಲದೆ ಕಳೆದುಕೊಂಡು, ಸಿಇಟಿ ಅರ್ಜಿ ತುಂಬುವ ದಿನ ಸೈಬರ್ ಸೆಂಟರಿನಿಂದ ನನಗೆ ಫೋನ್ ಮಾಡಬೇಡಿ.

ಈ ತಿಂಗಳು ಟಿಸಿ ತರಲು ಹೋಗುತ್ತೀರಲ್ಲ, ಹಾಗೇ ಒಂದರಿಂದ ಏಳರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ಬರೆಸಿಕೊಂಡು ಬನ್ನಿ. ಮಾಧ್ಯಮ, ವರ್ಷ, ಮಗುವಿನ ಹೆಸರಿನ ಇನಿಷಿಯಲ್ ಎಲ್ಲ ಸರಿಯಿದೆಯಾ ಅಲ್ಲೇ ನಿಂತು ಓದಿ. ತಪ್ಪಿದ್ದರೆ ಆ ಎಚ್ಚೆಮ್ ಬೇರೆ ಊರಿಗೆ ವರ್ಗವಾಗಿ ಹೋಗುವ ಮೊದಲೇ ತಿದ್ದಿಸಿ.